ಬಿರುಕಿನ ಮೇಲೆ ಹಚ್ಚಿದ ಗ್ರೀಸು

ದಹಿಸರ್ (ಪೂರ್ವ), ಮುಂಬಯಿ
೧೭ ನವೆಂಬರ್ ೨೦೨೪, ಭಾನುವಾರ

ಸಪ್ನವ್ವಾ, ನನ್ನ ಕೂಸೇ,

ನಿನ್ನ ಅಪ್ಪ ಅಣವೀರಪ್ಪನ ಆಶೀರ್ವಾದ. ಪುಣೆಯಲ್ಲಿ ಈಗ ಚಳಿ ಶುರುವಾಗಿರಬೇಕು. ಸಣ್ಣವಳಿದ್ದಾಗಿನಿಂದಲೂ ಈ ತಿಂಗಳು ಬಂತೆಂದರೆ ನಿನಗೆ ಮೂಗು ಕಟ್ಟಿ ಎದೆಯಲ್ಲಿ ಗೊರಗೊರ ಎನ್ನುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ನಿಮ್ಮ ಅವ್ವ ಕೊಟ್ಟ ಶೇಂಗಾ ಚಟ್ನಿ ಮುಗಿದಿರಬೇಕು. ಇನ್ನೊಂದು ಡಬ್ಬಿ ಕುಟ್ಟಿಟ್ಟಿದ್ದಾಳೆ, ಯಾರಾದರೂ ಆ ಕಡೆ ಹೊರಟರೆ ಕಳಿಸುತ್ತೇನೆ. ಮಳೆಗಾಲ ಮುಗಿದ ಮೇಲೆ ಅವಳ ಮೊಣಕಾಲು ಸ್ವಲ್ಪ ವಾಸಿ. ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಮಾತ್ರ ಒಂದೊಂದು ಮಹಡಿಗೂ ನಿಂತು, ಅಲ್ಲಿಯ ಮನೆಯವರ ಜೊತೆ ಮಾತಾಡಿ ಬರುತ್ತಾಳೆ. ನೋವಿಗೆ ನಿಲ್ಲುತ್ತಾಳೋ ಮಾತಿಗೆ ನಿಲ್ಲುತ್ತಾಳೋ ಆ ಶಿವನಿಗೇ ಗೊತ್ತು. ದೀಪಾವಳಿಗೆ ನೀನು ಬರಲಿಲ್ಲ. ಕೆಲಸ ಇತ್ತು ಎಂದು ಅವಳಿಗೆ ಹೇಳಿದೆಯಂತೆ. ಫೋನ್ ಇಡುವ ಮುಂಚೆ ‘ಅಪ್ಪ ಉಂಡನೇನು’ ಎಂದು ಕೇಳುತ್ತೀಯಂತೆ. ಆಗ ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿರುತ್ತೇನೆ. ಇತ್ತ ಕೊಡು ಎನ್ನಲು ಬಾಯಿ ಬರುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಎರಡನೇ ಮಾತಿಗೇ ನನ್ನ ದನಿ ಏರುತ್ತದೆ, ಆಮೇಲೆ ಹೇಳಬೇಕಾದ್ದು ಹಿಂದೆ ಉಳಿದು ಬೈಗುಳ ಮುಂದೆ ಬರುತ್ತದೆ. ನೀನು ಏಳನೆಯವರೆಗೆ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದ್ದು ಇವತ್ತು ಉಪಯೋಗಕ್ಕೆ ಬರಲಿ. ಒತ್ತಕ್ಷರ ಬಂದಲ್ಲಿ ನಿಧಾನ ಮಾಡು. ತೀರ ತಿಳಿಯದಿದ್ದರೆ ನಿನ್ನ ರೂಮಿನ ನಿಶ್ಮಿತಾಳಿಂದ ಓದಿಸಿಕೋ, ಮಂಗಳೂರಿನ ಹುಡುಗಿ, ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ ಎಂದು ನೀನೇ ಹೇಳಿದ್ದೆ. ಈ ಕಾಗದವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದಿದ್ದೇನೆ. ಪ್ರತಿ ಸಲವೂ ಬರೆದು ಓದಿದಾಗ ನಾನೇ ಒಳ್ಳೆಯವನಾಗಿ ಕಾಣುತ್ತಿದ್ದೆ. ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿದೆ. ಆದರೂ ಅದು ನನ್ನ ಕೈಯಿಂದ ಬರೆದದ್ದಾಗಿ ನಿನಗೆ ಸಿಗಬೇಕು.

ಜೂನ್ ಎರಡನೆಯ ವಾರ ನಾಗರತ್ನಾ ಟೀಚರ್ ನಮ್ಮ ಗ್ಯಾರೇಜಿಗೆ ಕಾರು ತಂದುಬಿಟ್ಟದ್ದು ನೆನಪಿದೆಯಲ್ಲ. ಗೇರು ಬೀಳುತ್ತಿಲ್ಲ, ಕ್ಲಚ್ ಮುಗಿದಿದೆ ಎಂದಿದ್ದರು. ಅವರು ದಹಿಸರ್ ಬಿಟ್ಟು ಮಗ ರೋಹಿತನ ಜೊತೆ ವಿಲೆ ಪಾರ್ಲೆಗೆ ಹೋಗಿ ಆರು ವರ್ಷವಾಯಿತು. ಅಲ್ಲಿ ಬೀದಿಗೊಂದು ಗ್ಯಾರೇಜು. ಆದರೂ ಆ ನೀಲಿ ಕಾರನ್ನು ಇಷ್ಟು ದೂರ ಓಡಿಸಿಕೊಂಡು ಬರುತ್ತಿದ್ದದ್ದು ನನ್ನ ಕೆಲಸಕ್ಕಾಗಿ ಅಲ್ಲ, ನಿನಗಾಗಿ. ತನ್ನ ಗಣಿತದ ವಿದ್ಯಾರ್ಥಿನಿ ತನ್ನ ಕಾರಿನ ಕೆಳಗೆ ಮಲಗಿ ಕೆಲಸ ಮಾಡುವುದನ್ನು ಕುರ್ಚಿ ಹಾಕಿಕೊಂಡು ನೋಡುವುದು ಅವರಿಗೆ ದೊಡ್ಡ ಸಂತೋಷ. ಹುಡುಗಿಗೆ ಐಟಿಐ ಬೇಡ, ಅದೂ ಮೋಟಾರ್ ಮೆಕ್ಯಾನಿಕ್ ಬೇಡವೇ ಬೇಡ ಎಂದು ನಾನು ಹಟ ಹಿಡಿದಾಗ ಮನೆಗೆ ಬಂದು ನಿಮ್ಮ ಅವ್ವನ ಚಹಾ ಕುಡಿದು ನನ್ನನ್ನು ಒಪ್ಪಿಸಿದವರೂ ಅವರೇ.

ಗೇರ್‌ಬಾಕ್ಸ್ ಇಳಿಸಿದೆವು. ಹೊಸ ಕ್ಲಚ್ ಪ್ಲೇಟು, ಹೊಸ ಪ್ರೆಷರ್ ಪ್ಲೇಟು, ಹೊಸ ರಿಲೀಸ್ ಬೇರಿಂಗು ಬಂತು. ಹಳೆಯದಾಗಿ ಉಳಿದದ್ದು ಫೋರ್ಕ್ ಒಂದೇ. ಪೆಡಲ್ ತುಳಿದಾಗ ಬೇರಿಂಗನ್ನು ತಳ್ಳಿ ಇಂಜಿನ್ನನ್ನೂ ಚಕ್ರವನ್ನೂ ಬೇರೆ ಮಾಡುವುದು ಆ ಎರಡು ಬೆರಳಿನ ಕಬ್ಬಿಣದ ತುಂಡು. ಅದು ಮುರಿದರೆ ಗೇರಿನಲ್ಲಿ ನಿಂತ ಕಾರು ತಾನಾಗಿ ಮುಂದೆ ಹಾರುತ್ತದೆ. ಈ ಕೆಲಸವನ್ನು ನಿನಗೆ ಕಲಿಸಿದವನು ನಾನೇ. ಮೊದಲು ತೊಳಿ, ಆಮೇಲೆ ನೋಡು, ಕಡೀಗೆ ಗ್ರೀಸ್ ಹಚ್ಚು ಎಂದು ಎಷ್ಟು ಸಲ ಹೇಳಿದ್ದೆ! ಶಾಫ್ಟಿನ ಹಲ್ಲಿಗೆ ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ತೆಳ್ಳಗೆ ಹಚ್ಚಬೇಕು, ಹೆಚ್ಚಾದರೆ ಸಿಡಿದು ಪ್ಲೇಟಿಗೆ ತಗುಲಿ ಕ್ಲಚ್ ಜಾರುತ್ತದೆ, ಹಚ್ಚದೇ ಬಿಟ್ಟರೆ ತುಕ್ಕು ಹಿಡಿದು ಪ್ಲೇಟು ಕಚ್ಚಿಕೊಳ್ಳುತ್ತದೆ. ಗೇರ್‌ಬಾಕ್ಸಿನ ಭಾರವನ್ನು ಪ್ಲೇಟಿನ ಮೇಲೆ ಜೋತುಬಿಡಬಾರದು. ಇಷ್ಟೆಲ್ಲ ಹೇಳಿಕೊಟ್ಟವನು ಅವತ್ತು ಏನು ಮಾಡಿದೆ? ಹೊರಗೆ ಮಳೆ, ಗ್ಯಾರೇಜಿನೊಳಗೆ ಮಬ್ಬು. ಎಣ್ಣೆ ಕುಡಿದು ಕಪ್ಪಾಗಿದ್ದ ಬಟ್ಟೆಯಿಂದ ಫೋರ್ಕನ್ನು ಒಂದು ಸಲ ಒರೆಸಿದೆ, ಬಾಗಿಲ ಬೆಳಕಿಗೆ ಹಿಡಿದೆ, ಹೆಬ್ಬೆರಳು ಆಡಿಸಿದೆ. “ಸರಿ ಐತಿ, ಗ್ರೀಸ್ ಹಚ್ಚು” ಎಂದು ನಿನ್ನ ಕೈಗೆ ಕೊಟ್ಟೆ. ನೀನು ಮೊಬೈಲ್ ಹಿಡಿದು, “ಅಪ್ಪಾ, ಒಮ್ಮೆ ತಡಿ, ಟಾರ್ಚ್ ಹಚ್ಚಿ ನೋಡ್ತೀನಿ” ಎಂದೆ. ನಿನ್ನ ಕೈಯಿಂದ ಫೋರ್ಕನ್ನು ಕಸಿದುಕೊಂಡೆ. “ಮೂವತ್ತು ವರ್ಷ ಆತು, ಇನ್ನ ನಿನ್ನ ಕಡಿಂದ ಕಲೀಬೇಕೇನು ನಾ?” ಎಂದೆ. ಪಕ್ಕದ ಟೈರ್ ಅಂಗಡಿಯವರು ನಕ್ಕರು. ನೀನು ನಾನು ಹೇಳಿದಲ್ಲಿ ಗ್ರೀಸ್ ಹಚ್ಚಿ, ಫೋರ್ಕ್ ಕೂರಿಸಿ, ಗೇರ್‌ಬಾಕ್ಸ್ ಏರಿಸಿದೆ. ಏಕೆ ಕಸಿದುಕೊಂಡೆ ಎಂಬುದನ್ನು ಮುಂದೆ ಹೇಳುತ್ತೇನೆ, ಸಪ್ನವ್ವಾ. ಆ ಮಾತು ಹೇಳಲು ನನಗೆ ಇನ್ನೂ ಸ್ವಲ್ಪ ಕಾಗದ ಬೇಕು.

ಜುಲೈ ಹತ್ತೊಂಬತ್ತು, ಶುಕ್ರವಾರ. ಟೀಚರ್ ಮಾಟುಂಗಕ್ಕೆ ದೇವಸ್ಥಾನಕ್ಕೆ ಹೋಗಿದ್ದರು, ವಾಪಸು ಬರುವಾಗ ಸಿಗ್ನಲ್ ಬಿತ್ತು. ಮೊದಲ ಗೇರಿನಲ್ಲೇ ಕ್ಲಚ್ ಒತ್ತಿ ಹಿಡಿದು ನಿಲ್ಲುವುದು ಅವರ ಹಳೆಯ ಚಾಳಿ. ನ್ಯೂಟ್ರಲ್ ಮಾಡ್ರಿ ಟೀಚರ್ ಎಂದು ನಾನೂ ನೀನೂ ಹೇಳಿ ಸೋತಿದ್ದೆವು. ಜನ ರಸ್ತೆ ದಾಟುತ್ತಿದ್ದರು. ಕಾರು ಇದ್ದಕ್ಕಿದ್ದಂತೆ ಹಾರಿತು. ಟೀಚರ್ ಬ್ರೇಕ್ ಹಾಕುವಷ್ಟರಲ್ಲಿ ದೂಜ ಎಂಬವರು ಕೆಳಗೆ ಬಿದ್ದಿದ್ದರು. ಉಡುಪಿ ಕಡೆಯವರು, ಅಲ್ಲಿಯೇ ಒಂದು ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ದೋಸೆ ಕಾವಲಿಯ ಮುಂದೆ ನಿಂತವರು. ಎಡಗಾಲು ಎರಡು ಕಡೆ ಮುರಿದಿತ್ತು. ಒಳಗೆ ರಾಡ್ ಹಾಕಿದ್ದಾರೆ.

ಅವತ್ತಿನಿಂದ ಎಲ್ಲರೂ ಹೇಳಿದ್ದು ಒಂದೇ ಮಾತು: ಅರವತ್ತೆಂಟರ ಹೆಂಗಸು, ಕಾಲು ತಪ್ಪಿ ಕ್ಲಚ್ ಬಿಟ್ಟಿದ್ದಾಳೆ, ಗಾಬರಿಯಲ್ಲಿ ಏನನ್ನೋ ತುಳಿದಿದ್ದಾಳೆ. ಬ್ರೇಕು, ಸ್ಟಿಯರಿಂಗು ಪೊಲೀಸರ ಪರೀಕ್ಷೆಯಲ್ಲಿ ಸರಿಯಾಗಿಯೇ ಇದ್ದವು. ಕ್ಲಚ್ ಪೆಡಲ್ ಸಡಿಲವಾಗಿದ್ದದ್ದನ್ನು ಕಂಡು, ಗಾಬರಿಯಲ್ಲಿ ತುಳಿದು ಮುರಿದಿರಬೇಕು ಎಂದುಕೊಂಡರು. ಪೊಲೀಸರು ಟೀಚರ್ ಮೇಲೆ ಕೇಸು ಹಾಕಿ, ಆಗಸ್ಟ್ ಕೊನೆಗೆ ಕಾರು ಬಿಟ್ಟರು. ರೋಹಿತ ಅದನ್ನು ಎಳೆಸಿಕೊಂಡು ನಮ್ಮಲ್ಲಿಗೆ ತಂದ. “ಅಂಕಲ್, ಮಮ್ಮಿ ಏನು ಒತ್ತಿದ್ರು ಅಂತ ಅವ್ರಿಗೇ ನೆನಪಿಲ್ಲ. ರಿಪೇರಿ ಮಾಡಿ ಬೇಚ್ ದೋ, ಮಾರಿಬಿಡಿ. ಬಸ್, ಇನ್ನು ಗಾಡಿ ಬಂದ್” ಎಂದ. ಟೀಚರ್ ಅವನ ಹಿಂದೆ ನಿಂತಿದ್ದರು. ಕ್ಲಾಸಿನಲ್ಲಿ ಉತ್ತರ ಬಾರದ ಮಗುವಿನ ಹಾಗೆ ನೆಲ ನೋಡುತ್ತ ನಿಂತಿದ್ದರು. ಅವರನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

ಸೆಪ್ಟೆಂಬರ್ ಮೂರಕ್ಕೆ ಗೇರ್‌ಬಾಕ್ಸ್ ಬಿಚ್ಚಿದೆವು. ಫೋರ್ಕಿನ ಒಂದು ಬೆರಳು ತುಂಡಾಗಿ ಕೆಳಗೆ ಬಿತ್ತು. ನೀನು ಆ ತುಂಡನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಮುರಿದ ಮುಖದ ಹೆಚ್ಚು ಭಾಗ ಎಣ್ಣೆ ಇಳಿದು ಕಪ್ಪಾಗಿತ್ತು, ಒಂದು ಅಂಚು ಮಾತ್ರ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಒಂದೇ ದಿನ ಮುರಿದದ್ದಾದರೆ ಪೂರ್ತಿ ಹೊಳೆಯಬೇಕಿತ್ತು. “ಅಪ್ಪಾ, ಇದು ಅವತ್ತಿನ ಕ್ರ್ಯಾಕ್ ಅಲ್ಲ. ನಾವು ಕೂಡ್ಸುವಾಗ್ಲೇ ಇತ್ತು. ಟೀಚರ್‌ದು ತಪ್ಪಿಲ್ಲ. ಅವ್ರಿಗೆ ಹೇಳ್ಬೇಕು, ಆಜ್ ಹೀ, ಇವತ್ತೇ” ಎಂದೆ.

ಆಗ ನಾನು ಆಡಿದ ಮಾತನ್ನು ನೀನು ಮರೆತಿರುವುದಿಲ್ಲ. ಆದರೂ ಇಲ್ಲಿ ಬರೆಯುತ್ತೇನೆ. “ಗ್ರೀಸ್ ಹಚ್ಚಿದ ಕೈ ಯಾರ್ದು? ಕೂಡ್ಸಿದ ಕೈ ಯಾರ್ದು? ಹೇಳೂದಾದ್ರ ಹೋಗು, ನಿನ್ನ ಹೆಸರ್ ಹೇಳ್ಕೊಂಡ ಬಾ. ನಿಮ್ಮ ಟೀಚರ್ ಮುಂದ ನಿಂತು, ನಾನ ನಿಮ್ಮನ್ನ ಕೋರ್ಟಿಗೆ ಹತ್ತಿಸಿದೆ ಅನ್ನು.” ಸಿಟ್ಟಿನಲ್ಲಿ ಬಂದ ಮಾತಲ್ಲ ಅದು. ಆ ಮಾತು ನಿನ್ನ ಬಾಯಿ ಮುಚ್ಚಿಸುತ್ತದೆಂದು ಗೊತ್ತಿದ್ದೇ ಆಡಿದೆ. ಜೂನಿನಲ್ಲಿ ಯಾರು ನೋಡಿ ಸರಿಯಿದೆ ಅಂದರು ಎಂದು ನೀನು ಕೇಳಬಹುದಿತ್ತು, ಕೇಳಲಿಲ್ಲ. ಕೈ ತೊಳೆದುಕೊಂಡು ಮನೆಗೆ ಹೋದೆ. ಮೂರನೆಯ ದಿನ ನೀನು ಪುಣೆಯ ಬಸ್ಸು ಹತ್ತಿದೆ. ಒಳ್ಳೆಯ ಕೆಲಸ ಸಿಕ್ಕಿತು ಅದಕ್ಕೇ ಹೋದಳು ಎಂದು ನಾನು ನಿಮ್ಮ ಅವ್ವನಿಗೆ ಹೇಳಿದೆ. ಹೊಸ ಫೋರ್ಕ್ ಹಾಕಿ, ಕಾರು ತೊಳೆದು, ಕೊಳ್ಳುವವರು ಸಿಗುವವರೆಗೆ ಅಲ್ಲಿರಲಿ ಎಂದು ಟೀಚರ್ ಮನೆಗೆ ಬಿಟ್ಟುಬಂದೆ. “ನೀವಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು ಅಣವೀರಪ್ಪನವರೇ” ಎಂದು ಅವರು ಕೈ ಮುಗಿದರು. ನಾನೂ ಕೈ ಮುಗಿದೆ.

ಮುರಿದ ಫೋರ್ಕನ್ನು ಗುಜರಿಗೆ ಹಾಕಬೇಕೆಂದು ಮೂರು ಸಲ ಎತ್ತಿಕೊಂಡೆ. ಹಾಕಲಾಗಲಿಲ್ಲ. ಹಳೆಯ ಬನಿಯನ್ನಿನಲ್ಲಿ ಸುತ್ತಿ ನಟ್ಟು ಬೋಲ್ಟಿನ ಡ್ರಾದ ಹಿಂಬದಿಗೆ ತಳ್ಳಿದೆ.

ಅಕ್ಟೋಬರ್ ಇಪ್ಪತ್ತೆರಡು ಮಂಗಳವಾರ ಟೀಚರ್ ಫೋನ್ ಮಾಡಿ, ದೂಜರಿಗೆ ಒಂದು ವಾಕರ್ ಕೊಂಡಿದ್ದೇನೆ, ಲೋಕಲ್‌ನಲ್ಲಿ ಒಬ್ಬಳಿಗೇ ಹೊರಲಾಗುವುದಿಲ್ಲ, ಸ್ವಲ್ಪ ಬರುತ್ತೀರಾ ಎಂದರು. ಅಪಘಾತವಾದಾಗಿನಿಂದ ಅವರು ಪ್ರತಿ ಮಂಗಳವಾರ ಡಬ್ಬಿ ಕಟ್ಟಿಕೊಂಡು ಹೋಗುತ್ತಾರೆಂಬುದು ನನಗೆ ಅವತ್ತೇ ಗೊತ್ತಾದದ್ದು. ಇಲ್ಲ ಎನ್ನಲು ನೆಪ ಹೊಳೆಯಲಿಲ್ಲ. ಹೋಟೆಲಿನ ಹಿಂದಿನ ಚಾಳಿನಲ್ಲಿ ನಾಲ್ವರು ಕೆಲಸಗಾರರು ಇರುವ ಕೋಣೆ. ದೂಜ ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ಹೋಟೆಲಿಗೆಂದು ಬೀನ್ಸ್ ಹೆಚ್ಚುತ್ತಿದ್ದರು. ನಿಲ್ಲಲು ಆಗದವರಿಗೆ ಮಾಲೀಕರು ಕೊಟ್ಟ ಕೆಲಸ. ಟೀಚರ್ ಡಬ್ಬಿ ಬಿಚ್ಚಿ ಅನ್ನ ಸಾರು ಬಡಿಸಿದರು. ಎದುರಿಗೆ ಕುಳಿತಿರುವಾಗ ಅವರ ಎಡಗಾಲು ಸೀರೆಯ ಕೆಳಗೆ ನೆಲವನ್ನು ಒತ್ತುವುದೂ ಬಿಡುವುದೂ ಮಾಡುತ್ತಿತ್ತು. ನಾನು ನೋಡಿದ್ದನ್ನು ಕಂಡು ನಾಚಿಕೊಂಡರು. “ಅಭ್ಯಾಸ ಆಗಿಬಿಟ್ಟಿದೆ. ಅವತ್ತು ಹೇಗೆ ಬಿಟ್ಟೆ ಅಂತ ಕಾಲು ಹುಡುಕ್ತಾನೇ ಇರುತ್ತೆ” ಎಂದರು. ದೂಜ ತಲೆಯೆತ್ತಿ, “ಎಂತ ಮಾಡುದು ಅಮ್ಮ, ಆದದ್ದು ಆಯ್ತು. ಆದ್ರೆ ಒಂದು ಮಾತು. ನಿಮ್ಮ ಮುಖ ನಂಗೆ ಗಾಜಲ್ಲಿ ಕಂಡಿತ್ತು. ನೀವು ನನ್ನನ್ನೇ ನೋಡ್ತಾ ಇದ್ರಿ, ಸ್ವಲ್ಪ ನಗಾಡಿದ್ರಿ ಸಹ. ಕಾರು ಹಾರಿದ ಮೇಲೆ ನಿಮ್ಗೆ ಗಾಬರಿ ಆದದ್ದು, ಮೊದ್ಲು ಅಲ್ಲ” ಎಂದರು. ಟೀಚರ್ ತಲೆಯಾಡಿಸಿದರು. ಅವರಿಗೆ ನಂಬಿಕೆ ಬರಲಿಲ್ಲ. ನನಗೆ ಅಲ್ಲಿ ಕೂರಲು ಆಗದೆ ಹೊರಗೆ ಬಂದು ನಲ್ಲಿಯ ಹತ್ತಿರ ನಿಂತೆ.

ವಾಪಸು ಬರುವಾಗ ಮಾಟುಂಗ ರೋಡ್ ಸ್ಟೇಶನ್ನಿನ ಬೆಂಚಿನ ಮೇಲೆ ಕುಳಿತೆವು. ಬೋರಿವಲಿ ಲೋಕಲ್ ಬಂತು. ಟೀಚರ್ ಏಳಲಿಲ್ಲ, ನಾನೂ ಏಳಲಿಲ್ಲ. “ಅಣವೀರಪ್ಪನವರೇ, ಮೂವತ್ತೈದು ವರ್ಷ ಮಕ್ಕಳ ತಪ್ಪು ಹುಡುಕಿ ಕೆಂಪು ಇಂಕಿನಲ್ಲಿ ಗುರುತು ಹಾಕಿದವಳು ನಾನು. ನನ್ನ ತಪ್ಪು ಎಲ್ಲಿ ಅಂತ ನನಗೆ ಸಿಗ್ತಾ ಇಲ್ಲ” ಎಂದರು. ಆಗ ಹೇಳಿದೆ. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಫೋರ್ಕು ಮೊದಲೇ ಬಿರುಕು ಬಿಟ್ಟಿತ್ತು, ನಾವು ಅದರ ಮೇಲೆಯೇ ಗ್ರೀಸು ಹಚ್ಚಿ ಕೂರಿಸಿದೆವು, ನಿಮ್ಮ ಕಾಲು ಏನೂ ಮಾಡಿಲ್ಲ ಎಂದೆ. ಇನ್ನೊಂದು ಲೋಕಲ್ ಬಂದು ಹೋಯಿತು. ಅವರು ನನ್ನ ಕಡೆ ತಿರುಗಲಿಲ್ಲ. “ಅದು ಇದೆಯಾ? ನೋಡಬೇಕು” ಎಂದಷ್ಟೇ ಅಂದರು.

ಮರುದಿನ ಬೆಳಿಗ್ಗೆ ನಾನು ಷಟರ್ ಎತ್ತುವಷ್ಟರಲ್ಲಿ ಗ್ಯಾರೇಜಿನ ಮುಂದೆ ನಿಂತಿದ್ದರು. ಡ್ರಾದಿಂದ ತೆಗೆದುಕೊಟ್ಟೆ. ಕನ್ನಡಕ ಏರಿಸಿ, ಎರಡೂ ತುಂಡುಗಳನ್ನು ಜೋಡಿಸಿ, ಬಿಡಿಸಿ, ಮತ್ತೆ ಜೋಡಿಸಿ ನೋಡಿದರು. “ಕಪ್ಪಾಗಿರೋದು ಮುಕ್ಕಾಲು ಭಾಗ. ಹಾಗಾದರೆ ನಾನು ಜೂನ್‌ನಲ್ಲಿ ಇಲ್ಲಿಂದ ಓಡಿಸಿಕೊಂಡು ಹೋದಾಗಲೇ ಇದು ಮುಕ್ಕಾಲು ಪಾಲು ಮುರಿದಿತ್ತು” ಎಂದರು. “ಮೂರು ತಿಂಗಳು, ಅಣವೀರಪ್ಪನವರೇ. ನನ್ನ ಮಗ ನನ್ನ ಕೈಯಿಂದ ಬೀಗದಕೈ ಕಿತ್ತುಕೊಂಡ. ಕೊಡಬೇಕಾದ್ದೇ ಅಂತ ಕೊಟ್ಟೆ.” ಆಮೇಲೆ ನೇರವಾಗಿ ಕೇಳಿದರು: “ಇದನ್ನು ನೋಡಿ ಸರಿಯಾಗಿದೆ ಅಂದವರು ಯಾರು? ಸಪ್ನಾನಾ?”

ಮಗಳೇ, ಆ ಸುಳ್ಳು ಇನ್ನೊಮ್ಮೆ ನನ್ನ ನಾಲಿಗೆಯ ತುದಿಗೆ ಬಂತು. ಬರಲಿಲ್ಲ ಎಂದು ಬರೆದರೆ ಈ ಕಾಗದವನ್ನೂ ಹರಿಯಬೇಕಾಗುತ್ತದೆ. ಕೂಡ್ಸಿದ್ದು ಅಕೀನ ಎನ್ನಲು ಬಾಯಿ ತೆರೆದೆ. ಅವರು ಆ ಫೋರ್ಕನ್ನು ಎದೆಯ ಹತ್ತಿರ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. “ನಾ ನೋಡಿದ್ದು ಟೀಚರ್. ಅಕಿ ಟಾರ್ಚ್ ಹಾಕಿ ನೋಡ್ತೀನಿ ಅಂದ್ಲು, ನಾ ಬಿಡ್ಲಿಲ್ಲ” ಎಂದೆ. “ಇಷ್ಟು ವರ್ಷ ಕೆಲಸ ಮಾಡಿದ ಕಣ್ಣಿಗೆ ಕಾಣಲಿಲ್ವೇ?” ಎಂದರು. “ಎಡಗಣ್ಣು ಕಾಣ್ಸಂಗಿಲ್ರೀ. ಬಲಗಣ್ಣಿನಾಗೂ ಅಂಚು ಮಬ್ಬು” ಎಂದೆ. ಹೋದ ವರ್ಷದ ಶ್ರಾವಣದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ನಿಮ್ಮ ಅವ್ವನಿಗೂ ಹೇಳಿರಲಿಲ್ಲ. ಜೂನಿನಲ್ಲಿ ನಿನ್ನ ಕೈಯಿಂದ ಫೋರ್ಕ್ ಕಸಿದುಕೊಂಡದ್ದು ಇದಕ್ಕೇ. ನನಗೆ ಕಾಣದ್ದು ನಿನಗೆ ಕಂಡುಬಿಟ್ಟರೆ ಅಪ್ಪನ ಕಣ್ಣು ಹೋಗಿದೆ ಎಂಬುದೂ ಕಂಡುಬಿಡುತ್ತದೆ ಎಂದು ಹೆದರಿದೆ. ಹುಳುಕು ಹುಡುಕುವ ಕೆಲಸದಲ್ಲಿ ಇಷ್ಟು ವರ್ಷ ಅನ್ನ ತಿಂದವನು ನನ್ನ ಹುಳುಕನ್ನು ಮುಚ್ಚಿಟ್ಟೆ. ಅದಕ್ಕೆ ಒಬ್ಬರ ಕಾಲು ಹೋಯಿತು.

ಟೀಚರ್ ಬೈಯುತ್ತಾರೆ ಎಂದುಕೊಂಡೆ. ಕುರ್ಚಿ ಎಳೆದು ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮನೆಪಾಠ ಕೊಟ್ಟ ಹಾಗೆ ಹೇಳಿದರು: “ಮೊದಲು ಪೊಲೀಸ್ ಠಾಣೆ. ಆಮೇಲೆ ಕಣ್ಣಿನ ಡಾಕ್ಟರು. ಸಪ್ನಾಗೆ ಕಾಗದ. ಮೂರೂ ನೀವೇ ಮಾಡಬೇಕು, ನಾನು ಜೊತೆಗೆ ಬರೋದಿಲ್ಲ.” ಹೊರಡುವಾಗ, ಮನೆಯಲ್ಲಿ ನಿಂತಿರುವ ಕಾರನ್ನು ಇನ್ನು ನೀವು ಓಡಿಸಬಹುದಲ್ಲ ಎಂದು ಕೇಳಿದೆ. “ಬುದ್ಧಿಗೆ ಗೊತ್ತಾಯಿತು, ಕಾಲಿಗೆ ಇನ್ನೂ ಗೊತ್ತಾಗಿಲ್ಲ” ಎಂದು ಸ್ಟೇಶನ್ ಕಡೆಗೆ ನಡೆದರು.

ಎರಡು ದಿನದ ಮೇಲೆ ಫೋರ್ಕನ್ನು ಚೀಲದಲ್ಲಿ ಹಾಕಿಕೊಂಡು ಠಾಣೆಗೆ ಹೋದೆ. ಅಲ್ಲಿಯ ಸಾಹೇಬರು ಎರಡು ಸಲ ಕೇಳಿದರು, “ಕಾಕಾ, ಸೋಚ್ ಲಿಯಾ ನಾ?”, ಯೋಚಿಸಿಯೇ ಬಂದಿದ್ದೀಯಲ್ಲ ಎಂದು. ಮೂರು ಪುಟ ಬರೆದುಕೊಂಡರು. ಫೋರ್ಕನ್ನು ಸೀಲು ಮಾಡಿ ಇಟ್ಟುಕೊಂಡರು, ಅದನ್ನು ತಜ್ಞರಿಗೆ ಕಳಿಸುತ್ತಾರಂತೆ. ಟೀಚರ್ ಮೇಲಿನ ಕೇಸು ಹಗುರಾಗಬಹುದು, ನಿಮ್ಮ ಮೇಲೆ ಬರಬಹುದು ಎಂದು ವಕೀಲರು ಹೇಳಿದ್ದಾರೆ. ಬರಲಿ. ರೋಹಿತ ಗ್ಯಾರೇಜಿಗೆ ಬಂದು ಜನರ ಮುಂದೆ ಕೂಗಾಡಿ ಹೋದ. ಅವನ ಕೂಗಾಟದಲ್ಲಿ ಅರ್ಧ ಸಿಟ್ಟು ನನ್ನ ಮೇಲೆ, ಇನ್ನರ್ಧ ಅಮ್ಮನ ಕೈಯಿಂದ ಬೀಗದಕೈ ಕಿತ್ತುಕೊಂಡ ತನ್ನ ಮೇಲೆಯೇ ಇದ್ದ ಹಾಗೆ ಕಂಡಿತು.

ಎಲ್ಲಕ್ಕಿಂತ ಕಷ್ಟವಾದದ್ದು ದೂಜರ ಹತ್ತಿರ ಹೋಗುವುದು. ಹೇಳಿ ಮುಗಿಸುವವರೆಗೂ ಅವರು ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಚೂರಿ ಕೆಳಗಿಟ್ಟು, “ಮೂರು ತಿಂಗಳು ಆ ಅಮ್ಮನ ಮೇಲೆ ಸಿಟ್ಟು ಮಾಡಿ ಮಾಡಿ, ಈಗ ತಾನೇ ಬಿಟ್ಟಿದ್ದೆ ಮಾರಾಯ್ರೆ. ಈಗ ನಿಮ್ಮ ಮೇಲೆ ಮೊದ್ಲಿಂದ ಶುರು ಮಾಡ್ಬೇಕಾ?” ಎಂದರು. ನಾನು ಕಾಲು ಹಿಡಿಯಲು ಬಾಗಿದೆ. “ಅದು ಬೇಡ. ಮುಟ್ಟಿದ್ರೆ ನೋವಾಗ್ತದೆ” ಎಂದರು. ನಿಜವಾದ ನೋವನ್ನೇ ಹೇಳಿದರೋ, ಬೇರೆ ಅರ್ಥದಲ್ಲಿ ಹೇಳಿದರೋ ತಿಳಿಯಲಿಲ್ಲ. ಈಗ ಮಂಗಳವಾರ ಟೀಚರ್ ಹೋದರೆ ಗುರುವಾರ ನಾನು ಹೋಗುತ್ತೇನೆ. ನಿಮ್ಮ ಅವ್ವ ರೊಟ್ಟಿ ಪಲ್ಯ ಕಟ್ಟಿಕೊಡುತ್ತಾಳೆ. ಅವರು ಮಾತಾಡುವುದಿಲ್ಲ. ರೊಟ್ಟಿ ಗಟ್ಟಿ ಎಂದು ಒಂದು ಸಲ ಪಕ್ಕದವರಿಗೆ ಹೇಳಿದರು, ಅಷ್ಟೇ. ವಾಕರ್ ಹಿಡಿದು ಬಾಗಿಲವರೆಗೆ ನಡೆಯುತ್ತಾರೆ. ಕಾವಲಿಯ ಮುಂದೆ ಮತ್ತೆ ನಿಲ್ಲುತ್ತಾರೋ ಇಲ್ಲವೋ ಡಾಕ್ಟರೂ ಹೇಳುತ್ತಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋದ ವಾರ ಹೋಗಿದ್ದೆ. ಕಾಚಬಿಂದು ಎಂದರು, ನಿಮ್ಮ ಇಂಗ್ಲಿಷಿನಲ್ಲಿ ಗ್ಲಾಕೋಮಾ. ಎಡಗಣ್ಣಿನಲ್ಲಿ ಹೋದದ್ದು ವಾಪಸು ಬರುವುದಿಲ್ಲವಂತೆ. ಬಲಗಣ್ಣಿಗೆ ದಿನಾ ಎರಡು ಸಲ ಹನಿ ಹಾಕಿದರೆ ಇರುವಷ್ಟು ಉಳಿಯಬಹುದಂತೆ. ನಿಮ್ಮ ಅವ್ವ ತಪ್ಪದೆ ಹಾಕುತ್ತಾಳೆ. ಆದರೆ ನಿನ್ನ ವಿಷಯ ಹೇಳಿದ ದಿನದಿಂದ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು. ಹನಿ ಹಾಕುವಾಗ ರೆಪ್ಪೆ ಎತ್ತಿ ಹಿಡಿದು, “ಮಗಳ ಮ್ಯಾಲೆ ಹಾಕಿ ಕುಂತಿದ್ರೆಲ್ಲಾ” ಎಂದಳು. ಅವಳ ಬೆರಳು ನನ್ನ ಕಣ್ಣಿನ ಮೇಲಿತ್ತು, ಮುಖ ತಿರುಗಿಸಲೂ ಆಗಲಿಲ್ಲ. ಗೇರ್‌ಬಾಕ್ಸ್, ಬ್ರೇಕ್ ಕೆಲಸ ಈಗ ನಾನು ಹಿಡಿಯುತ್ತಿಲ್ಲ. ಆಯಿಲ್ ಬದಲಿಸುವುದು, ಬ್ಯಾಟರಿ ಹಾಕುವುದು, ಅಷ್ಟೇ. ಬಂದವರಿಗೆ ನನಗೆ ಕಣ್ಣು ಸಾಲದು ಎಂದು ನೇರವಾಗಿಯೇ ಹೇಳುತ್ತೇನೆ.

ನಿನ್ನನ್ನು ವಾಪಸು ಬಾ ಎಂದು ಕರೆಯಲು ಈ ಕಾಗದ ಬರೆದಿಲ್ಲ. ಅಲ್ಲಿ ನಿನ್ನ ಕೆಲಸಕ್ಕೆ ಮರ್ಯಾದೆ ಇದ್ದರೆ ಅಲ್ಲೇ ಇರು. ಕ್ಷಮಿಸು ಎಂಬ ಮಾತನ್ನೂ ಎರಡು ಸಲ ಬರೆದು ಹೊಡೆದುಹಾಕಿದೆ. ಅದನ್ನು ಎದುರಿಗೆ ನಿಂತು ಕೇಳಬೇಕು. ಜೂನಿನಲ್ಲಿ ನೀನು ಕೇಳಿದ್ದು ಸರಿ, ಸೆಪ್ಟೆಂಬರಿನಲ್ಲಿ ನೀನು ಹೇಳಿದ್ದೂ ಸರಿ. ಎರಡು ಸಲವೂ ನಾನು ನಿನ್ನ ಬಾಯಿ ಮುಚ್ಚಿಸಿದೆ. ಇಷ್ಟು ನಿನಗೆ ಬರವಣಿಗೆಯಲ್ಲಿ ಸಿಕ್ಕರೆ ಸಾಕು. ಸಾಲುಗಳು ಏರುಪೇರಾಗಿದ್ದರೆ ಕಾರಣ ನಿನಗೆ ಈಗ ಗೊತ್ತು.

ಟೀಚರ್ ನಿನ್ನನ್ನು ಬಹಳ ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ನಿಶ್ಮಿತಾಳಿಗೂ ನಮ್ಮ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಜಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ಸ್ಟ್ಯಾಂಡ್ ಇಡದೆ ಹೋಗಬೇಡ. ನಿನಗೆ ಒಳ್ಳೆಯದಾಗಲಿ, ನೂರು ವರ್ಷ ಗಟ್ಟಿಯಾಗಿರು.

ನಿನ್ನ ಅಪ್ಪ,
ಅಣವೀರಪ್ಪ

ತಾ.ಕ.: ಕಾಗದ ಮಡಿಸುತ್ತಿದ್ದಾಗ ನಿಮ್ಮ ಅವ್ವ ಈಗ ತಾನೇ ಬಾಯಿಬಿಟ್ಟಳು. ಠಾಣೆಯಿಂದ ನಿನಗೆ ಫೋನ್ ಬಂದಿದೆಯಂತೆ, ಶುಕ್ರವಾರ ಬಂದು ಹೇಳಿಕೆ ಕೊಡಬೇಕಂತೆ. ಈ ವಯಸ್ಸಿನಲ್ಲಿ ಅಪ್ಪ ಜೈಲಿಗೆ ಹೋಗುವುದು ಬೇಡ, ಫೋರ್ಕನ್ನು ಅಪ್ಪ ಮುಟ್ಟಲೇ ಇಲ್ಲ, ನೋಡಿದ್ದೂ ಕೂರಿಸಿದ್ದೂ ನಾನೇ ಎಂದು ಹೇಳುತ್ತೇನೆ ಅಂದೆಯಂತೆ. ಬೇಡ. ಟಾರ್ಚ್ ಹಿಡಿದು ನೀನು ಏನು ಕೇಳಿದೆ, ನಾನು ಏನು ಹೇಳಿದೆ, ಅಷ್ಟನ್ನೇ ಹೇಳು. ನಾನು ಬರೆಸಿದ್ದೂ ಅದನ್ನೇ. ಸೆಪ್ಟೆಂಬರಿನಲ್ಲಿ ನಾನು ಆಡಿದ ಸುಳ್ಳನ್ನು ನೀನು ನಿಜ ಮಾಡಬೇಡವ್ವಾ.